ಗೇಣು ದೂರದ ಮುಖ: ಎಳೆಗೂಸು ಮನೆಯವರನ್ನು ಗುರುತಿಸುವ ಬಗೆ

ಹುಟ್ಟಿ ಒಂಬತ್ತು ನಿಮಿಷವಾಗಿದೆ. ಮೈ ಒರೆಸಿ ಬಟ್ಟೆಯಲ್ಲಿ ಸುತ್ತಿ ಆಗಿದೆ, ಅಷ್ಟೇ. ಹೆಚ್ಚುಕಡಿಮೆ ಅದೇ ವಯಸ್ಸಿನ 40 ಕೂಸುಗಳ ಕಣ್ಣ ಮುಂದೆ 1975ರಲ್ಲಿ ಅಮೆರಿಕದ ಕ್ಯಾರೊಲಿನ್ ಗೋರೆನ್ ಮತ್ತು ಸಂಗಡಿಗರು ತಲೆಯಾಕಾರದ ಹಲಗೆಗಳನ್ನು ಒಂದೊಂದಾಗಿ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತ ಹೋದರು. ಒಂದು ಹಲಗೆಯಲ್ಲಿ ಕಣ್ಣು, ಮೂಗು, ಬಾಯಿ ಇರಬೇಕಾದ ಕಡೆಯೇ ಇದ್ದವು. ಬೇರೆಯವುಗಳಲ್ಲಿ ಅವೇ ಚೆಲ್ಲಾಪಿಲ್ಲಿಯಾಗಿದ್ದವು. ಒಂದು ಹಲಗೆ ಬರೀ ಖಾಲಿ. ಕೂಸುಗಳು ಕಣ್ಣಿನ ಜೊತೆ ಕತ್ತನ್ನೂ ತಿರುಗಿಸಿ ಎಲ್ಲಕ್ಕಿಂತ ಹೆಚ್ಚು ದೂರ ಹಿಂಬಾಲಿಸಿದ್ದು ಮೊದಲನೆಯ ಹಲಗೆಯನ್ನು.

ಮುಖವೆಂದರೆ ಏನೆಂದು ಅವಕ್ಕೆ ಹೇಳಿಕೊಟ್ಟವರಾರು? ಸುಲಭಕ್ಕೆ ನಂಬುವ ಮಾತಾಗಿರಲಿಲ್ಲ ಅದು. 1991ರಲ್ಲಿ ಲಂಡನ್ನಿನ ಮಾರ್ಕ್ ಜಾನ್ಸನ್, ಜಾನ್ ಮಾರ್ಟನ್ ಮತ್ತಿತರರು ಹುಟ್ಟಿ ಗಂಟೆಯೂ ಆಗದ ಕೂಸುಗಳ ಮೇಲೆ ಇದನ್ನೇ ಮತ್ತೆ ಮಾಡಿ ನೋಡಿದರು. ಒಲವು ಆಗಲೂ ಕಂಡಿತು. ಜೊತೆಗೆ ಒಂದು ವಿಚಿತ್ರವೂ ಕಂಡಿತು: ಒಂದೆರಡು ತಿಂಗಳಾಗುವಷ್ಟರಲ್ಲಿ ಈ ಹಿಂಬಾಲಿಸುವ ಚಾಳಿ ಇಳಿದುಹೋಗುತ್ತದೆ. ಇದಕ್ಕೆ ಜಾನ್ಸನ್ ಮತ್ತು ಮಾರ್ಟನ್ ಕೊಟ್ಟ ವಿವರಣೆ ಇವತ್ತಿಗೂ ಚರ್ಚೆಯಲ್ಲಿದೆ. ಮೆದುಳಿನ ಆಳದಲ್ಲಿ ಹುಟ್ಟಿನಿಂದಲೇ ಒಂದು ಒರಟು ಏರ್ಪಾಡಿದೆ, ಮುಖದಂಥದ್ದು ಎಲ್ಲಿದ್ದರೂ ಕಣ್ಣನ್ನು ಅತ್ತ ತಿರುಗಿಸುವುದಷ್ಟೇ ಅದರ ಕೆಲಸ. ಹಾಗೆ ತಿರುಗಿದ ಕಣ್ಣು ತರುವ ಮುಖಗಳನ್ನು ನೋಡಿ ನೋಡಿ ಮೆದುಳಿನ ಹೊರಪದರ ನಿಧಾನವಾಗಿ ಕಲಿಯುತ್ತದೆ. ಮೊದಲನೆಯದು ಹುಟ್ಟುಗುಣ, ಎರಡನೆಯದು ಕಲಿಕೆ.

ಇಟಲಿಯ ಪಾದೊವಾದ ಫ್ರಾಂಚೆಸ್ಕಾ ಸಿಮಿಯೋನ್ ಮತ್ತು ಕಿಯಾರಾ ತುರಾತಿ ಇದಕ್ಕೂ ಒಂದು ತಕರಾರು ತೆಗೆದರು. ಮುಖವೇ ಆಗಬೇಕೆಂದಿಲ್ಲ, ಮೇಲರ್ಧದಲ್ಲಿ ಹೆಚ್ಚು ಚುಕ್ಕೆಗಳಿದ್ದು ಕೆಳಗೆ ಕಡಿಮೆಯಿರುವ ಯಾವ ಚಿತ್ರವಾದರೂ ನವಜಾತ ಶಿಶುವಿಗೆ ಹಿಡಿಸುತ್ತದೆ ಎಂದು ಅವರು ತೋರಿಸಿದರು. ಎರಡು ಕಣ್ಣು ಮೇಲೆ, ಒಂದು ಬಾಯಿ ಕೆಳಗೆ. ಮುಖ ಆ ಲೆಕ್ಕಕ್ಕೆ ಸರಿಹೊಂದುತ್ತದೆ. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಮನೆಯಲ್ಲಿ ಕೂಸಿಟ್ಟುಕೊಂಡವರಿಗೆ ಎರಡೂ ಒಂದೇ: ಕೂಸಿನ ಕಣ್ಣು ತಾನಾಗಿ ಮುಖ ಹುಡುಕುತ್ತದೆ, ಅದಕ್ಕೆ ಮುಖ ಸಿಗುವಂತೆ ಮಾಡಬೇಕಾದದ್ದು ದೊಡ್ಡವರು.

ಸಿಗುವಂತೆ ಮಾಡುವುದೆಂದರೆ ಮುಖ್ಯವಾಗಿ ದೂರದ ಲೆಕ್ಕ. ನವಜಾತ ಶಿಶುವಿನ ದೃಷ್ಟಿ ಸುಮಾರು 6/120. ದೊಡ್ಡವರು 120 ಮೀಟರ್ ದೂರದಿಂದ ಗುರುತಿಸುವ ವಸ್ತುವನ್ನು ಅದಕ್ಕೆ 6 ಮೀಟರ್ ಹತ್ತಿರ ತರಬೇಕು. ತಿಳಿಬಣ್ಣಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ, ಕಪ್ಪು-ಬಿಳುಪಿನಂಥ ಗಾಢ ವ್ಯತ್ಯಾಸ ಮಾತ್ರ ಕಾಣುತ್ತದೆ. ಅದಕ್ಕೆ ಚೆನ್ನಾಗಿ ಒಗ್ಗುವ ದೂರ 20ರಿಂದ 30 ಸೆಂಟಿಮೀಟರ್. ಅಳತೆಪಟ್ಟಿ ಬೇಡ, ಒಂದು ಗೇಣು, ಹೆಚ್ಚೆಂದರೆ ಗೇಣಿನ ಮೇಲೆ ನಾಲ್ಕು ಬೆರಳು. ಎದೆಹಾಲು ಕುಡಿಯುವ ಕೂಸಿಗೂ ತಾಯಿಯ ಮುಖಕ್ಕೂ ನಡುವೆ ಇರುವುದು ಹೆಚ್ಚುಕಡಿಮೆ ಇಷ್ಟೇ ಅಂತರ. ತೊಟ್ಟಿಲ ಕಾಲ ಬಳಿ ನಿಂತು "ಯಾರು ಬಂದ್ರು ನೋಡು ಕಂದ" ಎನ್ನುವ ನೆಂಟರ ದನಿ ಕೂಸಿಗೆ ಕೇಳುತ್ತದೆ, ಮುಖ ಮಸುಕು.

ಬೆಳಕಿನ ವಿಚಾರವೂ ಇದೆ. ಬಾಣಂತಿ ಕೋಣೆಗೆ ಗಾಳಿ ಬೀಸಬಾರದೆಂದು ಕಿಟಕಿ ಮುಚ್ಚಿ, ದಪ್ಪ ಪರದೆ ಇಳಿಬಿಟ್ಟು, ಹಗಲಲ್ಲೂ ಕತ್ತಲೆ ಮಾಡುವ ಮನೆಗಳು ಇನ್ನೂ ಇವೆ. ಗಾಳಿಯ ಭಯಕ್ಕೆ ಗಾಜಿನ ಕಿಟಕಿ ಹಾಕಿಕೊಂಡರಾಯಿತು, ಪರದೆಯನ್ನಾದರೂ ಸರಿಸಬಹುದಲ್ಲ? ಎತ್ತಿಕೊಂಡವರು ಕಿಟಕಿಗೆ ಬೆನ್ನು ಹಾಕಿ ಕೂತರೆ ಅವರ ಮುಖ ಕಪ್ಪು ನೆರಳಾಗಿಬಿಡುತ್ತದೆ. ಬೆಳಕು ದೊಡ್ಡವರ ಮುಖದ ಮೇಲೆ ಬೀಳುವಂತೆ ಕೂತು, ಹಾಲು ಕುಡಿದು ಎಚ್ಚರವಾಗಿ, ಅಳದೆ, ಸುಮ್ಮನೆ ಕಣ್ಣುಬಿಟ್ಟುಕೊಂಡಿರುವ ಹೊತ್ತು ನೋಡಿ ಮುಖ ತೋರಿಸಬೇಕು. ಮೊದಲ ವಾರಗಳಲ್ಲಿ ಅಂಥ ಹೊತ್ತು ಒಂದು ಸಲಕ್ಕೆ ಕೆಲವೇ ನಿಮಿಷ ಸಿಗುತ್ತದೆ.

ಇಷ್ಟು ಎಳೆಯ ಕೂಸು ಏನನ್ನು ನೋಡುತ್ತಿದೆಯೆಂದು ತಿಳಿಯುವ ದಾರಿಯನ್ನು ಕಂಡುಕೊಂಡವರು ಅಮೆರಿಕದ ರಾಬರ್ಟ್ ಫ್ಯಾಂಟ್ಸ್. 1960ರ ಆಸುಪಾಸಿನಲ್ಲಿ ಅವರು ಕೂಸನ್ನು ಒಂದು ಗೂಡಿನೊಳಗೆ ಮಲಗಿಸಿ, ಮೇಲೆ ಎರಡು ಚಿತ್ರ ತೂಗುಹಾಕಿ, ಸಣ್ಣ ರಂಧ್ರದಿಂದ ಅದರ ಕಣ್ಣನ್ನೇ ನೋಡುತ್ತಿದ್ದರು. ಯಾವ ಚಿತ್ರದ ಪ್ರತಿಬಿಂಬ ಪಾಪೆಯ ಮೇಲೆ ಮೂಡಿದೆಯೋ ಕೂಸು ನೋಡುತ್ತಿರುವುದು ಅದನ್ನೇ. ಎಷ್ಟು ಹೊತ್ತು ಎಂದು ಎಣಿಸಿದರಾಯಿತು. ಬರೀ ಬಣ್ಣಕ್ಕಿಂತ ಗೆರೆ-ವಿನ್ಯಾಸಗಳನ್ನು ಕೂಸುಗಳು ಹೆಚ್ಚು ಹೊತ್ತು ನೋಡುತ್ತವೆಂದು ಗೊತ್ತಾದದ್ದು ಹೀಗೆ. ಈ ಲೇಖನದಲ್ಲಿ ಬರುವ ಪ್ರಯೋಗಗಳಲ್ಲಿ ಬಹುಪಾಲು ಆ ಉಪಾಯದ ಮಕ್ಕಳು, ಮೊಮ್ಮಕ್ಕಳು.

ಸರಿ, ಅದು ಯಾವುದೋ ಒಂದು ಮುಖವಾಯಿತು. ತಾಯಿಯ ಮುಖ ಯಾವಾಗ? ಊಹಿಸುವುದಕ್ಕಿಂತ ಬೇಗ. ಗ್ಲಾಸ್ಗೋದ ಇಯಾನ್ ಬುಶ್ನೆಲ್ 1989ರಲ್ಲಿ ಎರಡು ದಿನದ ಕೂಸುಗಳ ಮುಂದೆ ಅವುಗಳ ತಾಯಿಯನ್ನೂ ಇನ್ನೊಬ್ಬ ಹೆಂಗಸನ್ನೂ ಕೂರಿಸಿದರು. ವಾಸನೆಯಿಂದ ಗುರುತು ಹತ್ತದಂತೆ ಎಚ್ಚರವನ್ನೂ ವಹಿಸಿದ್ದರು. ಕೂಸುಗಳು ಹೆಚ್ಚು ನೋಡಿದ್ದು ತಾಯಿಯನ್ನೇ. ಆದರೆ ಅವು ಗುರುತು ಹಿಡಿಯುವುದು ಯಾವುದರಿಂದ? 1995ರಲ್ಲಿ ಒಲಿವಿಯೆ ಪಾಸ್ಕಾಲಿಸ್ ಮತ್ತು ಸಂಗಡಿಗರು ನಾಲ್ಕು ದಿನದ ಕೂಸುಗಳಿಗೆ ಇದೇ ಪರೀಕ್ಷೆ ಒಡ್ಡಿ, ಈ ಸಲ ಇಬ್ಬರು ಹೆಂಗಸರ ತಲೆಗೂ ಕೂದಲು ಮುಚ್ಚುವಂತೆ ಸ್ಕಾರ್ಫ್ ಕಟ್ಟಿಸಿದರು. ತಾಯಿಯ ಕಡೆಗಿನ ಒಲವು ಮಾಯವಾಯಿತು! ಕೂದಲು ಹಣೆಗೆ ತಾಗುವ ಗೆರೆ, ಮುಖದ ಹೊರಸುತ್ತು. ಮೊದಲ ದಿನಗಳ ಗುರುತು ನಿಂತಿರುವುದು ಇವುಗಳ ಮೇಲೆ. ಕಣ್ಣು-ಮೂಗಿನ ಒಳವಿವರ ಆಮೇಲಿನದು.

ಇದನ್ನು ಓದಿದ ಕನ್ನಡದ ಮನೆಗಳಿಗೆ ನಗು ಬಂದೀತು. ಇಲ್ಲಿ ಬಾಣಂತಿಯ ತಲೆ-ಕಿವಿಗೆ ಸ್ಕಾರ್ಫ್ ಕಟ್ಟುವುದೇ ರೂಢಿ. ಹೊತ್ತೆಲ್ಲ ಸ್ಕಾರ್ಫಿನಲ್ಲೇ ಇರುವ ತಾಯಿಯನ್ನು ಕಂಡ ಕೂಸಿಗೆ ಆ ಸ್ಕಾರ್ಫಿನ ಅಂಚೇ ಅಮ್ಮನ ಗುರುತಾಗಿರಲೂ ಸಾಕು. ಚಿಂತೆಗೆ ಕಾರಣವಿಲ್ಲ. ಪ್ರಯೋಗದಲ್ಲಿ ಮುಖ ಬಿಟ್ಟು ಬೇರೆಲ್ಲವನ್ನೂ ತೆಗೆದುಹಾಕಿರುತ್ತಾರೆ, ಮನೆಯಲ್ಲಿ ಮೈವಾಸನೆ, ಹಾಲಿನ ವಾಸನೆ, ಎತ್ತಿಕೊಳ್ಳುವ ರೀತಿ, ದನಿ ಎಲ್ಲವೂ ಇರುತ್ತವೆ. ಅದರಲ್ಲೂ ದನಿ. ಹೊಟ್ಟೆಯಲ್ಲಿದ್ದಾಗಲೇ ಕೇಳಿ ಪರಿಚಯವಾದದ್ದು ಅದೊಂದೇ. 2005ರಲ್ಲಿ ಪ್ರಕಟವಾದ ಎಫ್. ಝಡ್. ಸಾಯಿ ಅವರ ಅಧ್ಯಯನದಲ್ಲಿ, ಹುಟ್ಟಿದ ಮೇಲೆ ತಾಯಿಯ ಮುಖ ಕಂಡರೂ ದನಿ ಕೇಳದಿದ್ದ ಕೂಸುಗಳು ಅವಳ ಮುಖದತ್ತ ವಿಶೇಷ ಒಲವು ತೋರಲಿಲ್ಲ. ಪರಿಚಿತ ದನಿ ಎಲ್ಲಿಂದ ಬರುತ್ತಿದೆಯೋ ಆ ಮುಖವನ್ನು ಕೂಸು ಕಲಿಯುತ್ತದೆ. ಬಾಣಂತಿ ಹೆಚ್ಚು ಮಾತಾಡಬಾರದು, ಸುಸ್ತಾಗುತ್ತದೆ ಎನ್ನುವ ಹಿರಿಯರು ಕೂಸಿನೊಂದಿಗಿನ ಮಾತಿಗಾದರೂ ವಿನಾಯಿತಿ ಕೊಡಬೇಕು.

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಅಪ್ಪನನ್ನು ಕಂಡು ಎಳೆಮಗು ಮುಖ ಹುಳಿ ಮಾಡಿಕೊಂಡರೆ ಅದಕ್ಕೂ ಕಾರಣ ಈ ಹೊರಸುತ್ತಿನ ಲೆಕ್ಕವೇ ಇರಬಹುದು. ಅಪ್ಪ ನಾಲ್ಕು ಮಾತಾಡಲಿ. ದನಿಗೆ ಕ್ಷೌರವಿಲ್ಲ.

ಮುಖದ ಒಳಗಿನ ವಿವರಕ್ಕೆ ಕಣ್ಣು ಹೋಗುವುದು ಸುಮಾರು ಏಳನೆಯ ವಾರಕ್ಕೆ. ಅದಕ್ಕೆ ಮುಂಚೆ ಕೂಸು ಮುಖದ ಅಂಚಿನಲ್ಲೇ ಸುಳಿದಾಡುತ್ತದೆಂದೂ, ಆಮೇಲೆ ನೇರವಾಗಿ ಕಣ್ಣನ್ನು ನೋಡುತ್ತದೆಂದೂ, ಎದುರಿನವರು ಮಾತಾಡಿದರೆ ಇನ್ನೂ ಹೆಚ್ಚು ಕಣ್ಣನ್ನೇ ನೋಡುತ್ತದೆಂದೂ ಮಾರ್ಷಲ್ ಹೈತ್ ಮತ್ತು ಸಂಗಡಿಗರು 1977ರಲ್ಲೇ ಬರೆದರು. ಕಣ್ಣಿಗೆ ಕಣ್ಣು ಕೊಡುವುದರ ರುಚಿ ಮಾತ್ರ ಇದಕ್ಕೂ ಮೊದಲೇ ಹತ್ತಿರುತ್ತದೆ. ತನ್ನತ್ತ ನೇರ ನೋಡುವ ಮುಖ, ಪಕ್ಕಕ್ಕೆ ನೋಡುವ ಮುಖ ಎರಡನ್ನೂ ತೋರಿಸಿದರೆ ಎರಡರಿಂದ ಐದು ದಿನದ ಕೂಸುಗಳು ನೇರ ನೋಡುವ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತವೆ; ಇದು ತೆರೇಸಾ ಫರೋನಿ ತಂಡ 2002ರಲ್ಲಿ ಕಂಡದ್ದು. ಆರರಿಂದ ಎಂಟು ವಾರದ ಹೊತ್ತಿಗೆ ಎದುರಿನ ಮುಖಕ್ಕೆ ಉತ್ತರವಾಗಿ ನಗು ಬರುತ್ತದೆ. ನಿದ್ದೆಯಲ್ಲಿ ದೇವರು ನಗಿಸುತ್ತಾನೆ ಎನ್ನುವ ನಗು ಬೇರೆ, ಇದು ಬೇರೆ. ಇದು ಎದುರಿಗಿರುವವರಿಗೇ ಕೊಟ್ಟ ನಗು.

ನಾಲಿಗೆ ಚಾಚಿದರೆ ಕೂಸೂ ಚಾಚುತ್ತದೆ ಎನ್ನುವ ಪ್ರಸಿದ್ಧ ಮಾತಿನ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು. 1977ರಲ್ಲಿ ಆಂಡ್ರ್ಯೂ ಮೆಲ್ಟ್‌ಜಾಫ್ ಮತ್ತು ಕೀತ್ ಮೂರ್ ಅದನ್ನು ಪ್ರಕಟಿಸಿದಾಗ ದೊಡ್ಡ ಸುದ್ದಿಯಾಗಿತ್ತು. 2016ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ನೂರಕ್ಕೂ ಹೆಚ್ಚು ಕೂಸುಗಳನ್ನು ಮೊದಲ ಒಂಬತ್ತು ವಾರಗಳಲ್ಲಿ ನಾಲ್ಕು ಸಲ ಪರೀಕ್ಷಿಸಿದಾಗ ಅನುಕರಣೆಯ ಗುರುತು ಸಿಗಲಿಲ್ಲ. ಎಳೆಗೂಸುಗಳು ಹೇಗೂ ಆಗಾಗ ನಾಲಿಗೆ ಚಾಚುತ್ತಲೇ ಇರುತ್ತವೆ. ಆಟಕ್ಕೆ ಅಡ್ಡಿಯಿಲ್ಲ, ನಮ್ಮ ಮಗು ಮಾಡಲಿಲ್ಲವಲ್ಲ ಎಂಬ ಕೊರಗು ಬೇಡ.

ಮುಖ ಎದುರಿಗಿದ್ದರಷ್ಟೇ ಸಾಲದು, ಅದು ಅಲುಗಾಡಬೇಕು. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗದ ವಿಡಿಯೊ ನೋಡಿದವರು ಅದನ್ನು ಬೇಗ ಮರೆಯುವುದಿಲ್ಲ. ಕೂಸಿನ ಜೊತೆ ನಗುತ್ತ ಆಡುತ್ತಿದ್ದ ತಾಯಿ ಒಮ್ಮೆಲೆ ಮುಖವನ್ನು ಕಲ್ಲು ಮಾಡಿಕೊಳ್ಳುತ್ತಾಳೆ. ನೋಡುತ್ತಿದ್ದಾಳೆ, ಆದರೆ ಉತ್ತರವಿಲ್ಲ. ಕೂಸು ಮೊದಲು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ. ಏನೂ ನಡೆಯದಿದ್ದಾಗ ಮುಖ ತಿರುಗಿಸುತ್ತದೆ, ಅಳುತ್ತದೆ. ನಡೆಯುವುದು ಎರಡು-ಮೂರು ನಿಮಿಷ, ಅಷ್ಟರಲ್ಲಿ ಇಷ್ಟೆಲ್ಲ. ಮಡಿಲಲ್ಲಿ ಕೂಸು, ಕೈಯಲ್ಲಿ ಮೊಬೈಲು, ಸ್ಕ್ರೀನಿನಲ್ಲಿ ನೆಟ್ಟ ಮುಖ. ಕೂಸಿನ ಕಡೆಯಿಂದ ನೋಡಿದರೆ ಅದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಹಾಗೆಂದು ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಿ ಒಂದು ಮೆಸೇಜು ನೋಡಿದ್ದಕ್ಕೆ ಅಪರಾಧಿಯಾಗಬೇಕಿಲ್ಲ. ಟ್ರಾನಿಕ್ ಪ್ರಯೋಗದಲ್ಲೇ ತಾಯಿ ಮತ್ತೆ ನಕ್ಕಾಗ ಕೂಸುಗಳು ಆಟಕ್ಕೆ ಮರಳುತ್ತವೆ. ಕೂಸೂ ನಡುನಡುವೆ ಮುಖ ತಿರುಗಿಸಿ ಸುಧಾರಿಸಿಕೊಳ್ಳುತ್ತದೆ. ಆಗ ಗಲ್ಲ ಹಿಡಿದು ತನ್ನತ್ತ ಎಳೆದುಕೊಳ್ಳದೆ ಕಾಯುವುದು ಒಳ್ಳೆಯದು.

ಇನ್ನು ಕಲಿಕೆಯ ಅತ್ಯಂತ ಸೋಜಿಗದ ಭಾಗ. ಬೆಳೆದಂತೆ ಕೂಸು ಕೆಲವು ವಿಷಯಗಳಲ್ಲಿ ಪೆದ್ದಾಗುತ್ತದೆ.

ಪಾಸ್ಕಾಲಿಸ್, ಮಿಶೆಲ್ ದ ಹಾನ್ ಮತ್ತು ಚಾರ್ಲ್ಸ್ ನೆಲ್ಸನ್ 2002ರಲ್ಲಿ ಆರು ತಿಂಗಳ ಮಕ್ಕಳಿಗೆ, ಒಂಬತ್ತು ತಿಂಗಳವರಿಗೆ, ದೊಡ್ಡವರಿಗೆ ಮನುಷ್ಯರ ಮುಖಗಳನ್ನೂ ಮಂಗಗಳ ಮುಖಗಳನ್ನೂ ತೋರಿಸಿದರು. ಮನುಷ್ಯರ ಮುಖದಲ್ಲಿ ಹೊಸದು ಯಾವುದು, ಆಗಲೇ ಕಂಡದ್ದು ಯಾವುದು ಎಂದು ಎಲ್ಲರಿಗೂ ತಿಳಿಯಿತು. ಒಂದು ಮಂಗನಿಂದ ಇನ್ನೊಂದನ್ನು ಬೇರೆ ಮಾಡಿದ್ದು ಆರು ತಿಂಗಳ ಮಕ್ಕಳು ಮಾತ್ರ. ಒಂಬತ್ತು ತಿಂಗಳಿಗೆ ಆ ಶಕ್ತಿ ಹೋಗಿತ್ತು. ಸುತ್ತ ದಿನವೂ ಕಾಣುವ ಮುಖಗಳಿಗೆ ಮೆದುಳು ಹರಿತವಾಗುತ್ತ, ಕಾಣದವುಗಳಿಗೆ ಮೊಂಡಾಗುತ್ತದೆ. ಮುಂದೆ 2005ರಲ್ಲಿ ಅವರೇ ಕೆಲವು ತಂದೆತಾಯಿಗಳಿಗೆ ಮಂಗಗಳ ಚಿತ್ರಪುಸ್ತಕ ಕೊಟ್ಟು, ಆರರಿಂದ ಒಂಬತ್ತು ತಿಂಗಳವರೆಗೆ ಒಂದೊಂದು ಮಂಗನನ್ನೂ ಅದರದೇ ಹೆಸರು ಹೇಳಿ ತೋರಿಸಲು ಹೇಳಿದರು. ಆ ಮಕ್ಕಳಲ್ಲಿ ಶಕ್ತಿ ಉಳಿಯಿತು. 2009ರಲ್ಲಿ ಲೀಸಾ ಸ್ಕಾಟ್ ಮತ್ತು ಅಲೆಕ್ಸಾಂಡ್ರಾ ಮೊನೆಸ್ಸನ್ ಮತ್ತೂ ಒಂದು ಹೆಜ್ಜೆ ಹೋದರು. ಎಲ್ಲವನ್ನೂ ಬರೀ 'ಮಂಗ' ಎಂದು ತೋರಿಸಿದ ಮನೆಗಳಲ್ಲಿ ಆ ಶಕ್ತಿ ಉಳಿಯಲಿಲ್ಲ, ಬೇರೆ ಬೇರೆ ಹೆಸರು ಹೇಳಿದ ಮನೆಗಳಲ್ಲಿ ಉಳಿಯಿತು. ನಾಮಕರಣಕ್ಕೆ ಬಂದ ಹೆಂಗಸರನ್ನೆಲ್ಲ 'ಆಂಟಿ' ಎಂದು ಒಂದೇ ಗುಂಪಿಗೆ ಹಾಕುವ ಬದಲು ಇವಳು ಸೋದರತ್ತೆ, ಇವಳು ಚಿಕ್ಕಮ್ಮ, ಇವರು ಎದುರುಮನೆ ಸರೋಜಮ್ಮ ಎಂದು ಕೂಸಿಗೆ ಪರಿಚಯ ಮಾಡಿಕೊಟ್ಟರೆ ನಷ್ಟವಂತೂ ಇಲ್ಲ.

ಜನಾಂಗಗಳ ಮುಖಚಹರೆಯಲ್ಲೂ ಇದೇ ಕತೆ. ಬ್ರಿಟನ್ನಿನ ಬಿಳಿಯ ಕುಟುಂಬಗಳ ನವಜಾತ ಶಿಶುಗಳಿಗೆ ತಮ್ಮವರ ಮುಖದ ಬಗ್ಗೆ ಯಾವ ಪಕ್ಷಪಾತವೂ ಇರಲಿಲ್ಲ. ಮೂರು ತಿಂಗಳಿಗೆ ಬಂತು. ಒಂಬತ್ತು ತಿಂಗಳ ಹೊತ್ತಿಗೆ ಬೇರೆ ಜನಾಂಗದ ಇಬ್ಬರನ್ನು ಒಬ್ಬರಿಂದೊಬ್ಬರು ಬೇರೆ ಮಾಡುವುದು ಅವಕ್ಕೆ ಕಷ್ಟವಾಗಿತ್ತು. ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು 2005 ಮತ್ತು 2007ರಲ್ಲಿ ಪ್ರಕಟಿಸಿದ್ದಿದು. ಆದರೆ ಇಸ್ರೇಲಿನಲ್ಲಿ ಬಿಳಿಯರ, ಕರಿಯರ ಎರಡೂ ಬಗೆಯ ಮುಖಗಳ ನಡುವೆ ಬೆಳೆಯುತ್ತಿದ್ದ ಇಥಿಯೋಪಿಯಾ ಮೂಲದ ಕೂಸುಗಳಲ್ಲಿ ಯಾರ ಕಡೆಗೂ ಒಲವು ಕಾಣಲಿಲ್ಲ. ಇದನ್ನು ದ್ವೇಷದ ಬೀಜವೆಂದು ಓದುವವರಿದ್ದಾರೆ, ಅದು ಅತಿಯಾಯಿತು. ಕೂಸಿಗೆ ಇರುವುದು ರೂಢಿಯ ಬಲ. ಡಬ್ಲಿನ್ನಿನಲ್ಲೋ ಸ್ಯಾನ್ ಹೋಸೆಯಲ್ಲೋ ಮನೆ ಮಾಡಿರುವ ಕನ್ನಡಿಗರು ಕೂಸನ್ನು ಹಬ್ಬಕ್ಕೆ ಕನ್ನಡ ಕೂಟಕ್ಕೆ ಕರೆದೊಯ್ಯುವಂತೆಯೇ ನೆರೆಯವರ ತೋಳಿಗೂ ಕೊಡಬಹುದು.

ಗಂಡಸರ ಮುಖವೂ ಈ ಲೆಕ್ಕದಿಂದ ಹೊರಗಿಲ್ಲ. ಪಾಲ್ ಕ್ವಿನ್ ತಂಡ 2002ರಲ್ಲಿ ಕಂಡಂತೆ, ಮೂರ್ನಾಲ್ಕು ತಿಂಗಳ ಮಕ್ಕಳು ಹೆಣ್ಣುಮುಖವನ್ನು ಹೆಚ್ಚು ನೋಡುತ್ತವೆ. ಮನೆಯಲ್ಲಿ ಅಪ್ಪನೇ ನೋಡಿಕೊಳ್ಳುತ್ತಿದ್ದ ಕೆಲವೇ ಮಕ್ಕಳಲ್ಲಿ ಇದು ತಿರುಗುಮುರುಗಾಗಿತ್ತು. ಹೆರಿಗೆಗೆ ತವರಿಗೆ ಹೋದ ಹೆಂಡತಿಯನ್ನು ನೋಡಲು ವಾರಕ್ಕೊಮ್ಮೆ ಬರುವ ಅಪ್ಪ, ಬಂದ ದಿನ ಬೆನ್ನ ಹಿಂದಿನಿಂದ ಇಣುಕುವ ಬದಲು ಗೇಣು ದೂರಕ್ಕೆ ಬರಲಿ. ಬಾರದ ದಿನ ವಿಡಿಯೊ ಕಾಲ್ ಮಾಡಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಎನ್ನುವ ಭಾರತೀಯ ಮಕ್ಕಳ ತಜ್ಞರ ಸಂಘ ಕೂಡ ಹತ್ತಿರದ ಬಂಧುಗಳೊಂದಿಗಿನ ಅಪರೂಪದ ವಿಡಿಯೊ ಕರೆಗೆ ವಿನಾಯಿತಿ ಇಟ್ಟಿದೆ.

ಏಳರಿಂದ ಒಂಬತ್ತು ತಿಂಗಳಿಗೆ ಹೊಸ ಸಂಕಟ. ನಿನ್ನೆಯವರೆಗೆ ಕಂಡವರ ತೋಳಿಗೆಲ್ಲ ಹಾರುತ್ತಿದ್ದ ಮಗು ಈಗ ಊರಿಂದ ಬಂದ ಅಜ್ಜಿಯನ್ನು ಕಂಡು ಕಿರುಚುತ್ತದೆ. ಅಜ್ಜಿಗೆ ಬೇಜಾರು, ಸೊಸೆಗೆ ಮುಜುಗರ. ಬೆಳವಣಿಗೆಯ ಲೆಕ್ಕದಲ್ಲಿ ಇದು ಶುಭಸೂಚನೆ, ತನ್ನವರು ಯಾರು ಎಂಬ ಪಟ್ಟಿ ಈಗ ಗಟ್ಟಿಯಾಗಿದೆ. ಬಂದವರು ಬಾಗಿಲಲ್ಲೇ ಮಗುವನ್ನು ಕಸಿದುಕೊಳ್ಳಬಾರದು. ಮೊದಲು ತಾಯಿಯ ಜೊತೆ ಹತ್ತು ನಿಮಿಷ ಮಾತಾಡಿ, ನೆಲದ ಮೇಲೆ ಮಗುವಿನ ಎತ್ತರಕ್ಕೆ ಕೂತು, ನೇರ ದಿಟ್ಟಿಸದೆ ಒಂದು ಚಮಚವನ್ನೋ ಗಿಲಕಿಯನ್ನೋ ಮುಂದಿಟ್ಟರೆ ಮಗುವೇ ಹತ್ತಿರ ಬರುತ್ತದೆ. ತಾಯಿ ಬಂದವರನ್ನು ನೋಡಿ ನಗುವುದು ಅರ್ಧ ಕೆಲಸ ಮಾಡುತ್ತದೆ, ಮಗು ಅವಳ ಮುಖ ನೋಡಿಯೇ ತೀರ್ಮಾನಿಸುತ್ತದೆ.

ಕನ್ನಡಿ ತೋರಿಸಬಾರದು ಎನ್ನುವ ಮನೆಗಳಿವೆ. ತೋರಿಸಿದರೆ ಕೇಡೇನೂ ಇಲ್ಲ. ಅಲ್ಲಿರುವುದು ತಾನೇ ಎಂದು ತಿಳಿಯುವುದು ಒಂದೂವರೆಯಿಂದ ಎರಡು ವರ್ಷಕ್ಕೆ. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಮಕ್ಕಳ ಮೂಗಿಗೆ ಕೆಂಪು ಬಣ್ಣ ಹಚ್ಚಿ ಕನ್ನಡಿಯ ಮುಂದೆ ಬಿಟ್ಟಾಗ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡವರು ಆ ವಯಸ್ಸಿನವರು. ನಿಜವಾಗಿ ಬಿಡಬೇಕಾದದ್ದು ಕಣ್ಣಿನೊಳಗೆ ಹಚ್ಚುವ ಕಾಡಿಗೆ. ಕೆಲವು ಕಾಡಿಗೆ-ಸುರುಮೆಗಳಲ್ಲಿ ಸೀಸ ಇರುತ್ತದೆ, ಸೋಂಕಿನ ಭಯವೂ ಉಂಟು. ದೃಷ್ಟಿಬೊಟ್ಟು ಕೆನ್ನೆಯಲ್ಲಿರಲಿ.

ಈ ಕಲಿಕೆಗೆಲ್ಲ ಕಣ್ಣಿನ ದಾರಿ ಮೊದಲಿನಿಂದ ತೆರೆದಿರಬೇಕು ಎನ್ನುವುದಕ್ಕೆ ಕಠಿಣ ಸಾಕ್ಷಿ ಕೆನಡಾದಿಂದ ಬಂದಿದೆ. ಹುಟ್ಟುವಾಗಲೇ ಎರಡೂ ಕಣ್ಣಿಗೆ ದಟ್ಟ ಪೊರೆಯಿದ್ದು, ಎರಡರಿಂದ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದ 14 ಮಂದಿಯನ್ನು ರಿಚರ್ಡ್ ಲ ಗ್ರಾಂಡ್, ಕ್ಯಾಥರೀನ್ ಮಾಂಡ್‌ಲಾಕ್, ಡಾಫ್ನೆ ಮೌರರ್ ಮತ್ತು ಹೆನ್ರಿ ಬ್ರೆಂಟ್ ಪರೀಕ್ಷಿಸಿದರು. ಅಷ್ಟರಲ್ಲಿ ಅವರಿಗೆ ಕನಿಷ್ಠ ಒಂಬತ್ತು ವರ್ಷ ನೋಡಿದ ಅನುಭವವಿತ್ತು. ಕಣ್ಣು, ಬಾಯಿಯ ಆಕಾರ ಬದಲಾದರೆ ಅವರಿಗೆ ತಿಳಿಯುತ್ತಿತ್ತು. ಕಣ್ಣುಗಳ ನಡುವಿನ ಅಂತರ, ಬಾಯಿಯ ಸ್ಥಾನ ಬದಲಾದರೆ ಇತರರಷ್ಟು ತಿಳಿಯುತ್ತಿರಲಿಲ್ಲ. ಒಬ್ಬರನ್ನು ಇನ್ನೊಬ್ಬರಿಂದ ಗುರುತಿಸುವಾಗ ಬಹಳ ನೆರವಾಗುವುದು ಈ ಅಂತರಗಳೇ. 2001ರ ಈ ವರದಿ ಹೇಳಿದ್ದು ಸ್ಪಷ್ಟ: ಮೊದಲ ತಿಂಗಳುಗಳ ನೋಟ ತಪ್ಪಿದರೆ ಆಮೇಲಿನ ವರ್ಷಗಳು ಅದನ್ನು ಪೂರ್ತಿ ತುಂಬಿಕೊಡುವುದಿಲ್ಲ.

ಆದ್ದರಿಂದ ಕೆಲವು ಗುರುತುಗಳನ್ನು ಕಂಡರೆ 'ಬೆಳೆದಂತೆ ಸರಿಹೋಗುತ್ತೆ' ಎಂದು ಕೂರುವಂತಿಲ್ಲ. ಪಾಪೆ ಬೆಳ್ಳಗೆ ಕಂಡರೆ, ಅಥವಾ ಫ್ಲ್ಯಾಷ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಗೂ ಇನ್ನೊಂದು ಬೆಳ್ಳಗೂ ಹೊಳೆದರೆ ಆ ವಾರವೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಅದು ಪೊರೆಯಾಗಿರಬಹುದು, ಅಪರೂಪಕ್ಕೆ ಕಣ್ಣಿನ ಗಡ್ಡೆಯೂ ಆಗಿರಬಹುದು. ಹುಟ್ಟುಪೊರೆ ದಟ್ಟವಾಗಿದ್ದರೆ ಆರರಿಂದ ಎಂಟು ವಾರದೊಳಗೆ ತೆಗೆಯುವುದು ಒಳ್ಳೆಯದೆನ್ನುತ್ತಾರೆ ತಜ್ಞರು. ಕಣ್ಣುಗುಡ್ಡೆ ನಿಲ್ಲದೆ ಅತ್ತಿತ್ತ ಓಲಾಡುವುದು, ನಾಲ್ಕು ತಿಂಗಳಾದ ಮೇಲೂ ಮೆಳ್ಳೆಗಣ್ಣು ಹೋಗದಿರುವುದು, ಮೂರು ತಿಂಗಳಾದರೂ ಮುಖ ನೋಡದಿರುವುದು ಅಥವಾ ಮುಖಕ್ಕೆ ಮುಖ ಕೊಟ್ಟರೂ ನಗದಿರುವುದು, ಇವೂ ತೋರಿಸಬೇಕಾದ ಗುರುತುಗಳೇ. ದಿನ ತುಂಬುವ ಮುನ್ನ ಹುಟ್ಟಿದ ಕೂಸಿಗೆ ಈ ತಿಂಗಳುಗಳನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಬೇಕು.

ಆಟಿಸಂ ಬಗ್ಗೆ ಕೇಳುವವರು ಬಹಳ. ಮುಂದೆ ಆಟಿಸಂ ಇದೆಯೆಂದು ಗೊತ್ತಾದ ಮಕ್ಕಳಲ್ಲಿ ಎರಡರಿಂದ ಆರು ತಿಂಗಳ ನಡುವೆ ಎದುರಿನವರ ಕಣ್ಣು ನೋಡುವುದು ಕ್ರಮೇಣ ಇಳಿಯುತ್ತ ಹೋದದ್ದನ್ನು ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ 2013ರಲ್ಲಿ ವರದಿ ಮಾಡಿದರು. ಅದು ಯಂತ್ರದಿಂದ ಅಳೆದದ್ದು, ಮನೆಯಲ್ಲಿ ಕೂತು ಬರಿಗಣ್ಣಿನಿಂದ ತೀರ್ಮಾನಿಸುವಂಥದ್ದಲ್ಲ. ಅನುಮಾನವಿದ್ದರೆ ಮಕ್ಕಳ ವೈದ್ಯರನ್ನು ಕೇಳಬೇಕು.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಇನ್ನೊಂದು ಗಂಡಾಂತರವಿದೆ. ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಈ ತೊಂದರೆಯನ್ನು ವೈದ್ಯರು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. 34 ವಾರಕ್ಕಿಂತ ಮುಂಚೆ ಹುಟ್ಟಿದ, ಅಥವಾ 2 ಕೆಜಿಗಿಂತ ಕಡಿಮೆ ತೂಕದ ಕೂಸಿನ ಕಣ್ಣಿನ ಒಳಭಾಗವನ್ನು ಹುಟ್ಟಿ 30 ದಿನದೊಳಗೆ ಪರೀಕ್ಷಿಸಲೇಬೇಕು, ತೀರಾ ಸಣ್ಣ ಕೂಸಾದರೆ ಇನ್ನೂ ಮೊದಲು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ 'ಕಿಡ್‌ರಾಪ್' ಇದಕ್ಕೇ ಹುಟ್ಟಿದ್ದು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕೂಸಿನ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ಇಂಟರ್ನೆಟ್ಟಿನಲ್ಲಿ ನೋಡಿ ಹೇಳುತ್ತಾರೆ. ಕೂಸನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ (ಎನ್‌ಐಸಿಯು) ಮನೆಗೆ ಕಳಿಸುವ ದಿನವೇ ಈ ಪರೀಕ್ಷೆ ಆಯಿತೇ, ಮುಂದಿನದು ಯಾವಾಗ ಎಂದು ಕೇಳಿ ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳುವುದು ಕ್ಷೇಮ.

ತಡವಾಗಿ ಗೊತ್ತಾದ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಎಂಐಟಿಯ ಪವನ್ ಸಿನ್ಹಾ ದೆಹಲಿಯ ಡಾ. ಶ್ರಾಫ್ಸ್ ಚಾರಿಟಿ ಕಣ್ಣಿನ ಆಸ್ಪತ್ರೆಯ ಜೊತೆ ಸೇರಿ ನಡೆಸಿರುವ 'ಪ್ರಾಜೆಕ್ಟ್ ಪ್ರಕಾಶ್'ನಲ್ಲಿ, ಹುಟ್ಟಿದಾಗಿನಿಂದ ಪೊರೆಯಿದ್ದು ಎಷ್ಟೋ ವರ್ಷಗಳ ಮೇಲೆ ದೃಷ್ಟಿ ಬಂದ ಮಕ್ಕಳಿದ್ದಾರೆ. ಪಟ್ಟಿ ಬಿಚ್ಚಿದ ಹೊಸದರಲ್ಲಿ ಅವರಿಗೆ ಮುಖ ಯಾವುದು, ಮುಖದ ಹಾಗಿರುವ ಬೇರೆ ಚಿತ್ರ ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. ತಿಂಗಳುಗಳು ಕಳೆದಂತೆ ಅದು ಬಹಳ ಮಟ್ಟಿಗೆ ಸುಧಾರಿಸಿದ್ದನ್ನು 2017ರಲ್ಲಿ ಅವರ ತಂಡ ಪ್ರಕಟಿಸಿತು. ಹಾಗಾಗಿ ವಯಸ್ಸು ಮೀರಿತು ಎಂದು ಕೈಬಿಡುವುದು ತಪ್ಪು. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ, ಹುಟ್ಟುಪೊರೆಯೂ ಆರ್‌ಒಪಿಯೂ ಅದರ ಪಟ್ಟಿಯಲ್ಲಿವೆ. ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿದರೆ ತಪಾಸಣೆಯ ತಂಡ ಯಾವಾಗ ಬರುತ್ತದೆಂದು ತಿಳಿಯುತ್ತದೆ.